ಕೈಲಾಸದ ಹಾದಿಯಲ್ಲಿ ಒಂದು ಚಿಕ್ಕ ಮಾತ್ರೆ

ಕೈಲಾಸ ಪರ್ವತವನ್ನೂ ಮಾನಸ ಸರೋವರವನ್ನೂ ಜೀವನದಲ್ಲಿ ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಹಂಬಲ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಶಿವನ ನೆಲೆಯೆಂದು ತಲೆತಲಾಂತರದಿಂದ ಕೇಳುತ್ತ ಬಂದಿರುವ ಆ ಪರ್ವತವಿರುವುದು ಚೀನಾದ ಆಡಳಿತಕ್ಕೆ ಒಳಪಟ್ಟ ಟಿಬೆಟಿನಲ್ಲಿ. ಆದ್ದರಿಂದ ಅದು ತೀರ್ಥಯಾತ್ರೆಯೂ ಹೌದು, ವಿದೇಶ ಪ್ರವಾಸವೂ ಹೌದು. ಭಾರತ ಸರ್ಕಾರವು 1981ರಿಂದ ನಡೆಸಿಕೊಂಡು ಬಂದ ಈ ಯಾತ್ರೆ 2020ರಲ್ಲಿ ನಿಂತು, ಐದು ವರ್ಷಗಳ ತರುವಾಯ 2025ರಲ್ಲಿ ಪುನಃ ಆರಂಭವಾಯಿತು. ಕಾದು ಕುಳಿತಿದ್ದ ಅನೇಕ ಕುಟುಂಬಗಳು ಈಗ ಮತ್ತೆ ಸಿದ್ಧತೆಯಲ್ಲಿ ತೊಡಗಿವೆ. ಹೊರಡುವವರ ಚೀಲದಲ್ಲಿ ವಿಭೂತಿ, ಉಣ್ಣೆಯ ಟೊಪ್ಪಿಗೆ, ಕೈಚೀಲಗಳ ಜೊತೆಗೆ ಒಂದು ಚಿಕ್ಕ ಬಿಳಿಯ ಮಾತ್ರೆಯೂ ತಪ್ಪದೆ ಸೇರಿಕೊಳ್ಳುತ್ತದೆ. ಅದರ ಹೆಸರು ಅಸೆಟಜೋಲಮೈಡ್. ಅಂಗಡಿಗಳಲ್ಲಿ ಡಯಾಮಾಕ್ಸ್ ಎಂಬ ಹೆಸರಿನಿಂದ ಅದು ಪರಿಚಿತವಾಗಿದೆ. ಎತ್ತರದ ಪ್ರದೇಶದಲ್ಲಿ ಬರುವ ಪರ್ವತ ಕಾಯಿಲೆಯನ್ನು ತಡೆಯಲು ಮುಂಚಿತವಾಗಿಯೇ ಸೇವಿಸುವ ಔಷಧ ಅದು.

ಆ ಮಾತ್ರೆಯನ್ನು ಕೊಳ್ಳುವವರು ಬಹಳ. ಅದು ಶರೀರದಲ್ಲಿ ಏನು ಮಾಡುತ್ತದೆಂದು ಕೇಳಿ ತಿಳಿದುಕೊಳ್ಳುವವರು ವಿರಳ. ತಿಳಿಯದಿದ್ದರೆ ಏನಾಗಬಹುದೆಂಬುದಕ್ಕೆ ನನ್ನ ಆಪ್ತ ಬಂಧುಗಳೊಬ್ಬರ ಅನುಭವವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ನಿವೇದಿಸುತ್ತೇನೆ.

ಅವರು ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರು. 2017ರಲ್ಲಿ, ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ಧರ್ಮಪತ್ನಿಯೊಡನೆ ನೇಪಾಳದ ಮಾರ್ಗವಾಗಿ ಕೈಲಾಸಕ್ಕೆ ಹೊರಟರು. ಪ್ರವಾಸದ ವ್ಯವಸ್ಥೆ ಮಾಡಿದವರು ಒಂದು ಔಷಧಗಳ ಚೀಟಿ ಕೊಟ್ಟಿದ್ದರು. ಊರಿನ ಅಂಗಡಿಯಲ್ಲಿ ಅವೆಲ್ಲವನ್ನೂ ಕೊಂಡು ತಂದದ್ದಾಯಿತು. ‘ದಿನಕ್ಕೆ ಎರಡು ಸಲ’ ಎಂಬುದನ್ನು ಬಿಟ್ಟರೆ ಯಾರೂ ಏನನ್ನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಟಿಬೆಟಿನ ಗಡಿ ದಾಟಿ ತಕ್ಲಾಕೋಟಿನಲ್ಲಿ ಮಲಗಿದ ಮೊದಲ ರಾತ್ರಿ ಗುರುಗಳ ಎರಡೂ ಕೈಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಜುಮು ಆರಂಭವಾಯಿತು. ಬೆಳಗಿನ ವೇಳೆಗೆ ತುಟಿಗಳೂ ಜೋಮು ಹಿಡಿದಂತಾದವು. ಅವರ ಅಣ್ಣನವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ತೀರಿಕೊಂಡವರು. ತನಗೂ ಅದೇ ಬಂದಿತೆಂದು ಗುರುಗಳು ಒಳಗೊಳಗೇ ನಡುಗಿದರು. ಮಾತ್ರೆಯ ಮೇಲೆ ಸಂಶಯ ಬಂದು ಅದನ್ನು ನಿಲ್ಲಿಸಿದರು. ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಹೆಂಡತಿ ಗಾಬರಿಯಾದಾಳೆಂದು ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಮಾನಸ ಸರೋವರದ ದಂಡೆ ತಲುಪಿದ ದಿನ ತಲೆನೋವು ಬಂದಿತು. ಸಂಜೆ ವಾಂತಿಯಾಯಿತು. ಇದೆಲ್ಲವೂ ಆ ಹಾಳು ಮಾತ್ರೆಯ ಉಳಿಕೆಯೆಂದೇ ತಿಳಿದು, ಒಂದು ತಲೆನೋವಿನ ಗುಳಿಗೆ ನುಂಗಿ ಮಲಗಿಬಿಟ್ಟರು. ನಡುರಾತ್ರಿ ಹೊರಗೆ ಹೋಗಲೆಂದು ಎದ್ದಾಗ ಕುಡಿದವರಂತೆ ತೂರಾಡಿದರು. ಅದನ್ನು ಕಂಡ ಧರ್ಮಪತ್ನಿ ಕೂಡಲೇ ಮಾರ್ಗದರ್ಶಕನನ್ನು ಎಬ್ಬಿಸಿದರು. ಆತ ಅನುಭವಿ. ಬೆಳಗಾಗಲೆಂದು ಕಾಯದೆ ಆಮ್ಲಜನಕ ಹಚ್ಚಿ, ವಾಹನದಲ್ಲಿ ಕೆಳಗಿನ ತಕ್ಲಾಕೋಟಿಗೆ ಕರೆತಂದ. ಕೆಳಗಿಳಿದಂತೆ ಗುರುಗಳು ಚೇತರಿಸಿಕೊಂಡರು. ಪರಿಕ್ರಮೆ ತಪ್ಪಿತು, ಜೀವ ಉಳಿಯಿತು.

ಊರಿಗೆ ಬಂದ ಮೇಲೆ ವೈದ್ಯರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರಂತೆ: “ಗುರುಗಳೇ, ಅಂಜಬೇಕಾಗಿಲ್ಲದ್ದಕ್ಕೆ ಅಂಜಿದಿರಿ, ಅಂಜಬೇಕಾದದ್ದನ್ನು ಅಲಕ್ಷಿಸಿದಿರಿ.” ಬೆರಳಿನ ಜುಮುಜುಮು ಮಾತ್ರೆಯ ನಿರುಪದ್ರವಿ ಪರಿಣಾಮ. ತಲೆನೋವು, ವಾಂತಿ, ತೂರಾಟಗಳು ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆಯ ಲಕ್ಷಣಗಳು. ಇವೆರಡರ ಭೇದವನ್ನು ಮನೆ ಬಿಡುವ ಮೊದಲೇ ತಿಳಿದಿರಬೇಕೆಂಬುದೇ ಈ ಲೇಖನದ ಆಶಯ.

ಎತ್ತರದಲ್ಲಿ ಶರೀರಕ್ಕೆ ಆಗುವುದೇನು?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾನಸ ಸರೋವರ ಸುಮಾರು 4,590 ಮೀಟರ್ ಎತ್ತರದಲ್ಲಿದೆ. ಕೈಲಾಸ ಪರಿಕ್ರಮೆಯ ಮಾರ್ಗದಲ್ಲಿ ಅತ್ಯಂತ ಎತ್ತರದ ಸ್ಥಳವಾದ ಡೋಲ್ಮಾ ಕಣಿವೆಮಾರ್ಗ 5,600 ಮೀಟರಿಗೂ ಮೇಲಿದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಎಂದರೆ ಒಂದು ಉಸಿರಿಗೆ ನಮಗೆ ದೊರೆಯುವ ಆಮ್ಲಜನಕವೂ ಅರ್ಧಕ್ಕೆ ಇಳಿಯುತ್ತದೆ.

ಈ ಕೊರತೆಯನ್ನು ತುಂಬಿಕೊಳ್ಳಲು ಶರೀರವು ವೇಗವಾಗಿ ಉಸಿರಾಡತೊಡಗುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದಲ್ಲಿ ಕ್ಷಾರದ ಗುಣ ಏರುತ್ತದೆ. ಅದನ್ನರಿತ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ನಿದ್ರೆಯಲ್ಲಂತೂ ಉಸಿರು ಆಗಾಗ ನಿಂತು ನಿಂತು ನಡೆಯುತ್ತದೆ. ಮೂತ್ರಪಿಂಡಗಳು ಹೆಚ್ಚಾದ ಕ್ಷಾರವನ್ನು ಹೊರಹಾಕಿ ಸಮತೋಲನ ತರಬೇಕು. ಅದಕ್ಕೆ ಸಹಜವಾಗಿ ಕೆಲವು ದಿನಗಳು ಬೇಕು. ಕಾಲಿನಿಂದ ನಡೆದು ಹೋಗುತ್ತಿದ್ದ ಹಿಂದಿನವರಿಗೆ ಆ ದಿನಗಳು ತಾವಾಗಿಯೇ ದೊರೆಯುತ್ತಿದ್ದವು. ಹೆಲಿಕಾಪ್ಟರಿನಲ್ಲಿಯೂ ಜೀಪಿನಲ್ಲಿಯೂ ಏರುವ ನಮಗೆ ದೊರೆಯುವುದಿಲ್ಲ.

ಅಸೆಟಜೋಲಮೈಡ್ ಮಾತ್ರೆಯು ಮೂತ್ರಪಿಂಡಗಳ ಈ ಕಾರ್ಯವನ್ನು ಬೇಗ ಆರಂಭಿಸುತ್ತದೆ. ಕ್ಷಾರವು ಮೂತ್ರದ ಮೂಲಕ ಹೊರಹೋಗಿ, ಉಸಿರಾಟದ ಕಡಿವಾಣ ಸಡಿಲಗೊಂಡು, ರಾತ್ರಿಯಲ್ಲಿಯೂ ಶ್ವಾಸ ಸರಾಗವಾಗುತ್ತದೆ. ಅದು ಆಮ್ಲಜನಕವನ್ನು ಕೊಡುವ ಮಾತ್ರೆಯಲ್ಲ, ಕಾಯಿಲೆಯ ಲಕ್ಷಣಗಳನ್ನು ಮುಚ್ಚಿಡುವ ಮಾತ್ರೆಯೂ ಅಲ್ಲ. ಶರೀರವು ಹೊಂದಿಕೊಳ್ಳುವ ಕ್ರಿಯೆಯನ್ನು ಅದು ತ್ವರೆಗೊಳಿಸುತ್ತದೆ, ಅಷ್ಟೇ. ಮೊದಲಿಗೆ ಮೂತ್ರ ಹೆಚ್ಚಿಸುವ ಔಷಧವಾಗಿ ಬಂದ ಇದನ್ನು ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾಕ್ಕೆ ಇಂದಿಗೂ ಬಳಸುತ್ತಾರೆ.

ಅಂಜಬೇಕಾಗಿಲ್ಲದ ಪರಿಣಾಮಗಳು

ಮೊದಲನೆಯದು ಜುಮುಜುಮು. ಕೈಕಾಲುಗಳ ಬೆರಳುಗಳಲ್ಲಿ, ತುಟಿಗಳಲ್ಲಿ, ಕೆಲವೊಮ್ಮೆ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ಬಂದು ಹೋಗುತ್ತಿರುತ್ತದೆ. ಸಾಮಾನ್ಯವಾಗಿ ಎರಡೂ ಬದಿಗೆ ಬರುತ್ತದೆ. ಕೈಯ ಬಲ ಕುಂದುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ತಾನಾಗಿಯೇ ಮಾಯವಾಗುತ್ತದೆ. ಪಾರ್ಶ್ವವಾಯುವಿನ ಲಕ್ಷಣ ಬೇರೆ. ಅದರಲ್ಲಿ ಒಂದೇ ಬದಿಯ ಕೈ ಅಥವಾ ಕಾಲು ಸೋಲುತ್ತದೆ, ಬಾಯಿ ಓರೆಯಾಗುತ್ತದೆ, ಮಾತು ತೊದಲುತ್ತದೆ. ಹಾಗೇನಾದರೂ ಕಂಡರೆ ಕ್ಷಣವೂ ತಡಮಾಡಬಾರದು.

ಎರಡನೆಯದು ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು. ಮೇಲೆ ಹೇಳಿದಂತೆ ಮಾತ್ರೆಯ ಕೆಲಸ ನಡೆಯುವುದೇ ಆ ದಾರಿಯಿಂದ. ಆದರೆ ಇದರಿಂದ ಒಂದು ಅಪಾಯ ಹುಟ್ಟಿಕೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ, ಕತ್ತಲೆಯಲ್ಲಿ, ಅನುಕೂಲವಿಲ್ಲದ ಶೌಚಕ್ಕೆ ಹೋಗಬೇಕಾಗುತ್ತದೆಂದು ನಮ್ಮ ತಾಯಂದಿರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಒಣಗಾಳಿಯ ಆ ನಾಡಿನಲ್ಲಿ ಉಸಿರಿನ ಮೂಲಕವೂ ಶರೀರದ ನೀರು ಹೋಗುತ್ತಿರುತ್ತದೆ. ನೀರು ಬತ್ತಿದರೆ ತಲೆನೋವು ಬರುತ್ತದೆ, ಆಯಾಸ ಹೆಚ್ಚುತ್ತದೆ. ಆಗ ಅದು ಕಾಯಿಲೆಯೋ ನೀರಿನ ಕೊರತೆಯೋ ತಿಳಿಯದಾಗುತ್ತದೆ. ಆದ್ದರಿಂದ ನೀರನ್ನು ಬಿಡಬಾರದು. ಎರಡನೆಯ ಮಾತ್ರೆಯನ್ನು ಮಲಗುವ ಹೊತ್ತಿಗೆ ತೆಗೆದುಕೊಳ್ಳದೆ ಸಂಜೆಯೇ ತೆಗೆದುಕೊಂಡರೆ ರಾತ್ರಿಯ ತೊಂದರೆ ಸ್ವಲ್ಪ ಕಡಿಮೆಯಾಗಬಹುದು.

ಮೂರನೆಯದು ಬಾಯಿರುಚಿಯ ಬದಲಾವಣೆ. ಸೋಡಾ ಮತ್ತು ಗ್ಯಾಸ್ ತುಂಬಿದ ತಂಪು ಪಾನೀಯಗಳು ಸಪ್ಪೆಯಾಗಿ ಅಥವಾ ಕಹಿಯಾಗಿ ತೋರುತ್ತವೆ. ಪಾನೀಯ ಕೆಟ್ಟಿರುವುದಿಲ್ಲ, ನಾಲಿಗೆಯು ಅದರ ಚುರುಕನ್ನು ಗ್ರಹಿಸುವುದಿಲ್ಲ. ಇವಲ್ಲದೆ ಕೆಲವರಿಗೆ ಸ್ವಲ್ಪ ಓಕರಿಕೆ, ಮಂಪರು, ಹಸಿವಿಲ್ಲದಿರುವುದು ಉಂಟಾಗಬಹುದು. ಬಿಸಿಲಿಗೆ ಚರ್ಮ ಬೇಗ ಕೆಂಪೇರಬಹುದು. ಎತ್ತರದ ಬಿಸಿಲು ಮೊದಲೇ ತೀಕ್ಷ್ಣವಾದ್ದರಿಂದ ಅಗಲ ಅಂಚಿನ ಟೊಪ್ಪಿಗೆ ಅವಶ್ಯ.

ಇವುಗಳ ಉಪದ್ರವವು ಮಾತ್ರೆಯ ಪ್ರಮಾಣವನ್ನೂ ಅವಲಂಬಿಸಿದೆ. ಹಿಂದೆ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಸಲ ಕೊಡುವ ರೂಢಿಯಿತ್ತು. ಈಗ ವಯಸ್ಕರಿಗೆ ತಡೆಯ ಸಲುವಾಗಿ 125 ಮಿಲಿಗ್ರಾಂ, ಎಂದರೆ ಅರ್ಧ ಮಾತ್ರೆ, ದಿನಕ್ಕೆ ಎರಡು ಸಲ ಸಾಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಏರುವ ಹಿಂದಿನ ದಿನವೇ ಆರಂಭಿಸಿ, ಎತ್ತರದ ಸ್ಥಳ ತಲುಪಿದ ಮೇಲೆ ಎರಡು ಮೂರು ದಿನ ಅಥವಾ ಇಳಿಯತೊಡಗುವವರೆಗೆ ಮುಂದುವರಿಸುತ್ತಾರೆ. ಆದರೆ ತಮಗೆ ಎಷ್ಟು ತಕ್ಕುದೆಂಬುದನ್ನು ಪ್ರತಿಯೊಬ್ಬರೂ ತಮ್ಮ ವೈದ್ಯರಿಂದಲೇ ತಿಳಿಯಬೇಕು. ಪಕ್ಕದ ಮನೆಯವರ ಚೀಟಿ ನಮಗೆ ಚೀಟಿಯಾಗಲಾರದು.

ವೈದ್ಯರಿಗೆ ಮುಚ್ಚಿಡಬಾರದ ಸಂಗತಿಗಳು

ಕೆಲವರಿಗೆ ಈ ಮಾತ್ರೆ ಹೊಂದುವುದಿಲ್ಲ. ಇದು ರಾಸಾಯನಿಕವಾಗಿ ಸಲ್ಫಾ ಗುಂಪಿಗೆ ಸೇರಿದೆ. ಹಿಂದೆ ಸಲ್ಫಾ ಔಷಧದಿಂದ ಮೈಮೇಲೆ ಗುಳ್ಳೆ ಎದ್ದವರು, ಮುಖ ಊದಿಕೊಂಡವರು, ಉಸಿರು ಕಟ್ಟಿದವರು ಆ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರಿಗೆ ಅದು ಮರುಕಳಿಸಬಹುದು. ಯಕೃತ್ತಿನ ಅಥವಾ ಮೂತ್ರಪಿಂಡದ ತೀವ್ರ ಕಾಯಿಲೆಯುಳ್ಳವರಿಗೆ ಇದು ಸಲ್ಲದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಈಗಾಗಲೇ ಸೇವಿಸುತ್ತಿರುವ ಹಿರಿಯರಲ್ಲಿ ಎರಡೂ ಸೇರಿ ಶರೀರದ ಪೊಟ್ಯಾಸಿಯಂ ಲವಣ ಕುಗ್ಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರುಪೇರಾಗಬಹುದು. ಹೆಚ್ಚಿನ ಪ್ರಮಾಣದ ಆಸ್ಪಿರಿನ್ನಿನೊಡನೆ ಈ ಮಾತ್ರೆ ಕೂಡದು. ಹೃದಯದ ಸಲುವಾಗಿ ದಿನವೂ ಸಣ್ಣ ಆಸ್ಪಿರಿನ್ ಸೇವಿಸುವವರೂ ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಮಾತ್ರೆ ಆರಂಭಿಸಿದ ಮೇಲೆ ಮೈತುಂಬ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ದೃಷ್ಟಿ ಒಮ್ಮೆಲೇ ಮಂಜಾದರೆ ಅದು ಜುಮುಜುಮಿನಂತೆ ಸಹಿಸಿಕೊಳ್ಳುವ ಸಂಗತಿಯಲ್ಲ. ಆಗ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಲೇಬೇಕು.

ಸರ್ಕಾರದ ವತಿಯಿಂದ ಹೋಗುವ ಯಾತ್ರಿಕರಿಗೆ ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ ನಡೆಯುತ್ತದೆ. ಲಿಪುಲೇಖ್ ಮಾರ್ಗದಲ್ಲಿ ಗುಂಜಿ ಎಂಬಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಆಯ್ಕೆ ತಪ್ಪೀತೆಂಬ ಭಯದಿಂದ ಅಲ್ಲಿ ಹಳೆಯ ಕಾಯಿಲೆಗಳನ್ನು ಮರೆಮಾಚುವವರುಂಟು. ಹಾಗೆ ಮರೆಮಾಚಿದರೆ ಮೋಸ ಹೋಗುವವರು ಪರೀಕ್ಷಿಸುವ ವೈದ್ಯರಲ್ಲ.

ಇನ್ನೊಂದು ಮಾತ್ರೆ, ಮತ್ತು ಕರ್ಪೂರ

ಪ್ರವಾಸದ ತಂಡಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಮತ್ತೊಂದು ಮಾತ್ರೆಯೂ ಕೈಯಿಂದ ಕೈಗೆ ಓಡಾಡುತ್ತದೆ. ಇದು ಸ್ಟೀರಾಯ್ಡ್ ಜಾತಿಯದು. ಪರ್ವತ ಕಾಯಿಲೆಯ ಚಿಕಿತ್ಸೆಯಲ್ಲಿ ಇದರ ಉಪಕಾರ ದೊಡ್ಡದು. ಆದರೆ ಇದು ಲಕ್ಷಣಗಳನ್ನು ಅಡಗಿಸುತ್ತದೆಯೇ ಹೊರತು ಶರೀರವನ್ನು ಎತ್ತರಕ್ಕೆ ಹೊಂದಿಸುವುದಿಲ್ಲ. ಎತ್ತರದಲ್ಲಿರುವಾಗಲೇ ನಿಲ್ಲಿಸಿದರೆ ಅಡಗಿದ್ದ ಕಾಯಿಲೆ ಮತ್ತೆ ಮೇಲೇಳಬಹುದು. ಸಕ್ಕರೆಯನ್ನು ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹೊಟ್ಟೆಯಲ್ಲಿ ಉರಿ ಉಂಟುಮಾಡುತ್ತದೆ. ಸಹಯಾತ್ರಿಕರು ಪ್ರೀತಿಯಿಂದ ಕೊಟ್ಟರೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ನುಂಗಬಾರದು.

ಬಟ್ಟೆಯಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುವ ಪದ್ಧತಿಯೂ ನಮ್ಮ ಯಾತ್ರಿಕರಲ್ಲಿದೆ. ಅದರ ಘಾಟಿನಿಂದ ಮೂಗು ತೆರೆದಂತೆ ಅನ್ನಿಸಬಹುದು. ಆದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಕರ್ಪೂರವನ್ನು ಎಂದಿಗೂ ನುಂಗಬಾರದು. ಹೊಟ್ಟೆಗೆ ಹೋದರೆ ಅದು ವಿಷ, ಸೆಳವು ಬರಿಸಬಲ್ಲದು. ನಿದ್ದೆ ಬರುವುದಿಲ್ಲವೆಂದು ನಿದ್ರೆಯ ಗುಳಿಗೆ ಸೇವಿಸುವುದೂ ಸಲ್ಲದು, ಅಂಥವುಗಳಲ್ಲಿ ಹಲವು ಉಸಿರಾಟವನ್ನು ಮಂದಗೊಳಿಸುತ್ತವೆ.

ಅಂಜಲೇಬೇಕಾದ ಲಕ್ಷಣಗಳು

ಎತ್ತರದಲ್ಲಿ ತಲೆನೋವು ಬಂದು, ಅದರ ಜೊತೆಗೆ ಓಕರಿಕೆ, ತಲೆತಿರುಗು, ಮಿತಿಮೀರಿದ ಆಯಾಸ ಇವುಗಳಲ್ಲಿ ಯಾವುದಾದರೂ ಕಂಡರೆ ಅದನ್ನು ಪರ್ವತ ಕಾಯಿಲೆಯೆಂದೇ ಭಾವಿಸಬೇಕು. ಮಾತ್ರೆಯ ಮೇಲೆ ಹೊರಿಸಿ ಸುಮ್ಮನಾಗಬಾರದು. ಅಂದು ಮೇಲೇರದೆ ಅಲ್ಲಿಯೇ ವಿಶ್ರಮಿಸಬೇಕು. ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು.

ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು, ವಿಪರೀತ ಮಂಪರು ಕವಿಯುವುದು ಮೆದುಳು ಊದಿಕೊಳ್ಳುತ್ತಿರುವುದರ ಸೂಚನೆ. ಸಂಶಯ ಬಂದರೆ ಒಂದು ಸರಳ ಪರೀಕ್ಷೆಯುಂಟು. ನೆಲದ ಮೇಲೆ ನೇರವಾದ ಗೆರೆಯಿದೆಯೆಂದು ಭಾವಿಸಿ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನಡೆಯಲು ಹೇಳಬೇಕು. ತಪ್ಪಿ ವಾಲಿದರೆ ಬೇರೆ ಸಾಕ್ಷಿ ಬೇಡ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಕೆಂಪು ಬೆರೆತ ನೊರೆಯ ಕಫ ಕಾಣಿಸಿಕೊಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ಅರ್ಥ. ಈ ಎರಡೂ ಸ್ಥಿತಿಗಳಲ್ಲಿ ಆಮ್ಲಜನಕ ಕೊಟ್ಟು ಕೂಡಲೇ ಕೆಳಗಿಳಿಸಬೇಕು. ಬೆಳಗಾಗಲಿ, ಪೂಜೆ ಮುಗಿಯಲಿ ಎಂದು ಕಾಯಬಾರದು.

ಕೈಲಾಸದ ಸೀಮೆಯಲ್ಲಿ ಇಳಿಯುವುದು ಹೇಳಿದಷ್ಟು ಸುಲಭವಲ್ಲ. ಸುತ್ತಲಿನ ಪ್ರಸ್ಥಭೂಮಿಯೇ ನಾಲ್ಕು ಸಾವಿರ ಮೀಟರಿಗೆ ಮೇಲಿದೆ. ಪರಿಕ್ರಮೆಯ ಮೊದಲ ದಿನ ಡೇರಾಪುಕ್ ತಲುಪಿದವರಿಗೆ ಹಿಂದಿರುಗುವ ದಾರಿ ತೆರೆದಿರುತ್ತದೆ. ಮರುದಿನ ಡೋಲ್ಮಾ ಏರುವುದಕ್ಕೆ ತೊಡಗಿದ ಮೇಲೆ ಕಷ್ಟ. ಅಸ್ವಸ್ಥರಾದವರು ಡೇರಾಪುಕ್‌ನಲ್ಲಿಯೇ ನಿಶ್ಚಯ ಮಾಡಿ ಹಿಂದಿರುಗುವುದು ವಿವೇಕ. ನೇಪಾಳದ ಮಾರ್ಗದಲ್ಲಿ ಹವಾಮಾನದ ತೊಡಕೂ ಇದೆ. 2018ರ ಜುಲೈ ಆರಂಭದಲ್ಲಿ ಮೋಡ ಮಳೆಗಳಿಂದ ವಿಮಾನ ಹೆಲಿಕಾಪ್ಟರುಗಳು ಹಾರಲಾಗದೆ ಸಿಮಿಕೋಟ್, ಹಿಲ್ಸಾಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ಭಾರತೀಯ ಯಾತ್ರಿಕರು ಸಿಕ್ಕಿಹಾಕಿಕೊಂಡರು. ಕನ್ನಡಿಗರೂ ಅವರಲ್ಲಿದ್ದರು. ‘ತೊಂದರೆಯಾದರೆ ಹೆಲಿಕಾಪ್ಟರ್ ಇದ್ದೇ ಇದೆ’ ಎಂಬ ಧೈರ್ಯವನ್ನು ಪೂರ್ತಿಯಾಗಿ ನಂಬಲಾಗದು.

ಮಾತ್ರೆಗಿಂತ ದೊಡ್ಡ ಮದ್ದು

ಎವರೆಸ್ಟ್ ಶಿಖರದ ದಾರಿಯಲ್ಲಿ, ನೇಪಾಳದ ಫೆರಿಚೆ ಎಂಬ 4,243 ಮೀಟರ್ ಎತ್ತರದ ಹಳ್ಳಿಯಲ್ಲಿ ಪೀಟರ್ ಹ್ಯಾಕೆಟ್ ಮೊದಲಾದ ವೈದ್ಯರು 278 ಮಂದಿ ಚಾರಣಿಗರನ್ನು ಪರೀಕ್ಷಿಸಿ 1976ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 53 ಮಂದಿಗೆ ಪರ್ವತ ಕಾಯಿಲೆ ತಗುಲಿತ್ತು. ವಿಮಾನದಲ್ಲಿ 2,800 ಮೀಟರಿನವರೆಗೆ ಹಾರಿ ಬಂದವರಲ್ಲಿ, ಅವಸರದಿಂದ ಏರಿದವರಲ್ಲಿ ಅದು ಹೆಚ್ಚಾಗಿತ್ತು. ಹಾರಿ ಬಂದವರಿಗೆ ಅಸೆಟಜೋಲಮೈಡ್ ಪ್ರಯೋಜನ ನೀಡಿತು. ಆ ಎತ್ತರದವರೆಗೆ ಕಾಲ್ನಡಿಗೆಯಲ್ಲಿ ಬಂದವರಲ್ಲಿ ಮಾತ್ರೆಯಿಂದ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ನಡಿಗೆಯೇ ಅವರಿಗೆ ಔಷಧವಾಗಿತ್ತು.

ಆದ್ದರಿಂದ 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ತಂಗಬೇಕೆಂಬುದು ಪರ್ವತ ವೈದ್ಯರ ನಿಯಮ. ಪ್ರವಾಸದವರು ‘ಒಂಬತ್ತೇ ದಿನದಲ್ಲಿ ಕೈಲಾಸ’ ಎಂದು ಕರೆದಾಗ ಉಳಿಯುವ ಹಣವನ್ನಷ್ಟೇ ನೋಡದೆ, ತಂಗುವ ದಿನಗಳು ಎಷ್ಟೆಂದು ಕೇಳಬೇಕು. ಎರಡು ದಿನ ಹೆಚ್ಚು ಹಿಡಿಯುವ ಯಾತ್ರೆಯೇ ಒಳ್ಳೆಯ ಯಾತ್ರೆ.

ಮನೆಯಲ್ಲಿಯೇ ಪರೀಕ್ಷೆ

ಹೊರಡುವುದಕ್ಕೆ ಕೆಲವು ವಾರಗಳ ಮೊದಲೇ, ವೈದ್ಯರ ಒಪ್ಪಿಗೆ ಪಡೆದು, ಊರಲ್ಲಿರುವಾಗಲೇ ಒಂದೆರಡು ದಿನ ಈ ಮಾತ್ರೆಯನ್ನು ಸೇವಿಸಿ ನೋಡುವುದು ಒಳ್ಳೆಯದು. ಅಲರ್ಜಿ ಆಗುವುದಾದರೆ ಆಸ್ಪತ್ರೆ ಹತ್ತಿರವಿರುವಲ್ಲಿಯೇ ತಿಳಿಯುತ್ತದೆ. ಜುಮುಜುಮು ಬಂದರೆ ಅದರ ಪರಿಚಯವೂ ಆಗುತ್ತದೆ. ಪರಿಚಿತವಾದದ್ದು ಪರದೇಶದಲ್ಲಿ ಹೆದರಿಸುವುದಿಲ್ಲ. ಇನ್ನೊಂದು ಮಾತು: ದಂಪತಿಗಳು, ಜೊತೆಗಾರರು ತಮಗಾಗುತ್ತಿರುವುದನ್ನು ಪರಸ್ಪರ ಹೇಳಿಕೊಳ್ಳಬೇಕು. ಮೆದುಳಿಗೆ ಆಮ್ಲಜನಕ ಸಾಲದಾದಾಗ ಮೊದಲು ಕೆಡುವುದು ನಮ್ಮ ವಿವೇಚನೆಯೇ. ಆಗ ನಮ್ಮ ಸ್ಥಿತಿ ನಮಗಿಂತ ನಮ್ಮ ಜೊತೆಗಿರುವವರಿಗೇ ಚೆನ್ನಾಗಿ ತಿಳಿಯುತ್ತದೆ. ಅಂದು ಗುರುಗಳ ಪ್ರಾಣ ಉಳಿಸಿದ್ದು ಅವರ ಧರ್ಮಪತ್ನಿಯ ಕಣ್ಣು.

ಆ ತಾಯಿ 2019ರಲ್ಲಿ ತಮ್ಮ ತಮ್ಮನೊಡನೆ ಮತ್ತೆ ಕೈಲಾಸಕ್ಕೆ ಹೊರಟರು. ಗುರುಗಳು ಮನೆಯಲ್ಲಿಯೇ ಉಳಿದರು. ಹೊರಡುವ ಮುನ್ನ ಅಕ್ಕ ತಮ್ಮ ಇಬ್ಬರೂ ವೈದ್ಯರನ್ನು ಕಂಡು, ಎರಡು ದಿನ ಮಾತ್ರೆ ಸೇವಿಸಿ ನೋಡಿದ್ದರು. ತಕ್ಲಾಕೋಟಿನಲ್ಲಿ ಬೆರಳು ಜುಮುಗುಟ್ಟಿದಾಗ, “ಅಗೋ, ನಮ್ಮ ಮಾತ್ರೆ ಕೆಲಸ ಮಾಡ್ತಾ ಇದೆ” ಎಂದು ನಕ್ಕರಂತೆ. ಅವರು ನಿಧಾನವಾಗಿ ಪರಿಕ್ರಮೆ ಮುಗಿಸಿ, ಚಿಕ್ಕ ಕ್ಯಾನಿನಲ್ಲಿ ಮಾನಸ ಸರೋವರದ ನೀರು ತಂದು ಪತಿಯ ಕೈಗಿತ್ತರು. ಇಂದಿಗೂ ಯಾತ್ರೆಗೆ ಹೊರಟವರು ಆಶೀರ್ವಾದಕ್ಕೆಂದು ಆ ಮನೆಗೆ ಬಂದರೆ ಗುರುಗಳು ಮೊದಲು ಕೇಳುವ ಪ್ರಶ್ನೆ ಒಂದೇ: “ಮಾತ್ರೆ ಮನೆಯಲ್ಲಿ ತೊಗೊಂಡು ನೋಡೀರೇನು?”